ತುದಿ ತೆರೆದ ತಂತಿ

ಪರಸಿ ಓಣಿಯಲ್ಲಿ ಮೊದಲ ಪೆಟ್ಟು ಬಿದ್ದದ್ದು ಒಂದು ಹೇಂಟೆಗಾಗಿ.

ಎದುರು ಮನೆಯ ಹೇಂಟೆ ಪಡಸಾಲೆಗೆ ನುಗ್ಗಿ ಮೊರದ ಜೋಳಕ್ಕೆ ಬಾಯಿ ಹಾಕಿತು. ಓಣಿ ಹುಟ್ಟಿದಾಗಿನಿಂದ ಕೋಳಿಗಳು ಮಾಡುತ್ತ ಬಂದ ಕೆಲಸವೇ ಅದು. ಅಂದು ಮಾತ್ರ ಮನೆಯಾಕೆ 'ಹುಶ್' ಅನ್ನಲಿಲ್ಲ. ಅದರ ಕಾಲು ಹಿಡಿದೆತ್ತಿ ಕಂಬಕ್ಕೆ ಬಡಿದಳು. ಅದು ಸತ್ತ ಮೇಲೂ ಬಡಿಯುತ್ತಲೇ ಇದ್ದಳು. ಹೇಂಟೆಯ ಒಡತಿ ಓಡಿ ಬಂದಳು, ಬರುವಾಗಲೇ ಒನಕೆ ಕೈಯಲ್ಲಿತ್ತು. ಸೂರ್ಯ ನೆತ್ತಿಗೇರುವಷ್ಟರಲ್ಲಿ ಇಬ್ಬರ ಗಂಡಂದಿರೂ ಹಾರೆ ಹಿಡಿದು ಬೀದಿಗೆ ಇಳಿದಿದ್ದರು.

ಕಲ್ಲು ಕೊಯ್ದು ಹೊಟ್ಟೆ ಹೊರೆಯುವ ಊರು ಅದು. ಪರಸಿ ಕಲ್ಲಿನ ಚಪ್ಪಡಿಗಳನ್ನು ಕೊಯ್ದು, ಉಜ್ಜಿ, ನುಣುಪು ಮಾಡಿ ದೂರದೂರುಗಳ ನೆಲಕ್ಕೆ ಕಳಿಸುವವರು. ಉಳಿ, ಸುತ್ತಿಗೆ, ಹಾರೆ ಇಲ್ಲದ ಮನೆ ಅಲ್ಲಿಲ್ಲ. ಹಿಂದೊಮ್ಮೆ ಎರಡು ಓಣಿಗಳು ಒಂದನ್ನೊಂದು ಸುಟ್ಟುಕೊಂಡ ಮೇಲೆ ಸರ್ಕಾರ ಮನೆಮನೆಗೂ ತಣಿಪೆಟ್ಟಿಗೆ ಕೂಡಿಸಿತು. ಸಿಟ್ಟು ಏರುವಾಗ ಮನುಷ್ಯನ ನಾಡಿಗೆ ಒಂದು ಲಯ ಬರುತ್ತದೆ. ಜಂತಿಗೆ ಬಡಿದ ಹಿತ್ತಾಳೆ ತಟ್ಟೆ ಆ ಲಯವನ್ನು ಮೈ ಮುಟ್ಟದೆಯೇ ಹಿಡಿಯುವುದು. ಇಂಟರ್ನೆಟ್ ತರುವ ಕೇಬಲ್ಲಿನಲ್ಲೇ ಅದು ಊರ ತಣಿಕೇಂದ್ರಕ್ಕೆ ಹೋಗುವುದು. ಅಲ್ಲಿಯ ಯಂತ್ರ ಅದಕ್ಕೆ ಸರಿಯಾಗಿ ಎದುರು ನಿಲ್ಲುವ ಇನ್ನೊಂದು ಲಯವನ್ನು ಹೆಣೆದು ಅದೇ ದಾರಿಯಲ್ಲಿ ಮರಳಿಸುವುದು. ಆ ಮರುಲಯಕ್ಕೇ ಊರವರು ತಣಿ ಅನ್ನುವುದು. ಅದು ಬಂದರೆ ಏರಿದ್ದು ಇಳಿಯುವುದು. ಜೋರಾಗಿ ತೂಗುವ ತೊಟ್ಟಿಲಿಗೆ ತಾಯಿ ಎದುರು ಕೈಯೊಡ್ಡಿ ನಿಲ್ಲಿಸಿದ ಹಾಗೆ.

ಅಂದಿನಿಂದ ಊರು ತಣ್ಣಗಿತ್ತು. ಅತ್ತೆ ಸೊಸೆಯರು ಒಂದೇ ಒಲೆಯ ಮುಂದೆ ಕೂಡತೊಡಗಿದರು. ಮಕ್ಕಳಿಗೆ ಬೈಗುಳವೇ ಬರುತ್ತಿರಲಿಲ್ಲ. ಶಿವನು ಕೊಟ್ಟ ಸಿಟ್ಟನ್ನು ಮನುಷ್ಯ ತಂತಿಗೆ ಕಟ್ಟಿ ಹೊರಗೆ ಹಾಕಿದ್ದು ಪುಣ್ಯವೋ ಪಾಪವೋ ಎಂದು ಯಾರೂ ಕೇಳಲಿಲ್ಲ. ಹಾಗೆ ಕೇಳಬೇಕಾದರೂ ಎದೆಯಲ್ಲಿ ಒಂದಿಷ್ಟು ಕಾವು ಬೇಕು.

ಶಿವಲೀಲಾ ತಣಿಕೇಂದ್ರದಲ್ಲಿ ದೂರು ಕೇಳುವ ಕೆಲಸದವಳು. ಮನೆ ಪರಸಿ ಓಣಿಯಲ್ಲೇ. ಆ ಮುಂಜಾನೆ ಆಕೆಯ ಓಣಿಯಿಂದಲೇ ಫೋನಿನ ಮೇಲೆ ಫೋನು ಬರತೊಡಗಿತು. ಎಲ್ಲರದೂ ಒಂದೇ ಮಾತು, ನೆಟ್ ಇಲ್ಲ. ಆಕೆಯೂ ಎಲ್ಲರಿಗೂ ಒಂದೇ ಮಾತು ಹೇಳಿದಳು: ಪೆಟ್ಟಿಗೆ ಆರಿಸಿ ಹಚ್ಚಿರಿ, ತಂತಿಯ ತಿರುಪು ಬಿಗಿ ಮಾಡಿರಿ, ತಟ್ಟೆಯ ಕೆಳಗೆ ಸ್ವಲ್ಪ ಹೊತ್ತು ಕೂಡಿರಿ. ನಡುವೆ ಗಂಡ ಸಂಗಣ್ಣನ ಫೋನೂ ಬಂತು.

"ಲೀಲಾ, ನೆಟ್ ಬರವಲ್ದು ನೋಡ."

"ಪೆಟಗಿ ಮ್ಯಾಲೆ ಎಷ್ಟು ದೀಪ ಹತ್ಯಾವ?"

"ಮೂರು ಹಸರು. ಒಂದು ಕೆಂಪು ಮಿಣಕ್ ಮಿಣಕ್ ಅಂತೈತಿ, ನೀ ಒಲಿ ಹೊಗಿಯಾಗ ಕಣ್ಣ ಬಿಡ್ತಿಯಲ್ಲ, ಹಂಗ."

"ಚಾಷ್ಟಿ ಸಾಕು. ಆರಿಸಿ ಹಚ್ಚಿದ್ಯಾ?"

"ಹಚ್ಚಿದೆ. ಈ ಫಕೀರ್ಯಾ ಮಗ ಒಂದ ಸವನ ಗ್ವಾಡಿ ಬಡಿಯಾಕತ್ತಾನ. ಅವನ ತಲೀನ ಬಡೀಬೇಕು ಅನಸಾಕತ್ತೈತಿ."

ಶಿವಲೀಲಾ ನಕ್ಕಳು. ಫಕೀರಪ್ಪ ಪಕ್ಕದ ಮನೆಯವನು. ಅವನೂ ಸಂಗಣ್ಣನೂ ಒಂದೇ ಗರಗಸದ ಎರಡು ತುದಿ ಹಿಡಿದು ಬೆಳೆದವರು. ಒಬ್ಬನ ಬುತ್ತಿಯ ರೊಟ್ಟಿಯನ್ನು ಇನ್ನೊಬ್ಬ ಕೇಳದೆ ಮುರಿಯುವ ಗೆಳೆತನ. ಆದರೆ ಗಂಡ ಅವನನ್ನು 'ಫಕೀರ್ಯಾ ಮಗ' ಎಂದದ್ದು ನೆನಪಾಗಿ ಆಕೆಯ ನಗು ಅರ್ಧಕ್ಕೇ ನಿಂತಿತು.

"ತಣಿ ಬರವಲ್ದು ಅನಸ್ತೈತಿ. ತಿರುಪು ಬಿಗಿ ಮಾಡು. ತಟ್ಟಿ ಕೆಳಗ ಕೂಡ್ರು. ಹಗರಕ ಎಲ್ಲಾ ತಣ್ಣಗ ಆಕ್ಕೈತಿ."

ತಿರುಪು ತಿರುಗಿದ ಸದ್ದು ಕೇಳಿಸಿತು. ಆಮೇಲೆ ಬರಿ ಉಸಿರು.

"ಈಗ ಹ್ಯಾಂಗೈತಿ?"

"ಚೊಲೋ ಐತಿ," ಎಂದ ಸಂಗಣ್ಣ. ಅದು ಆಕೆ ಎಂದೂ ಕೇಳಿದ್ದ ದನಿಯಾಗಿರಲಿಲ್ಲ. "ಭಾಳ ಚೊಲೋ ಐತಿ. ಕೈ ಕಡಿಯಾಕತ್ತಾವ. ನನ್ನ ದೊಡ್ಡ ಸುತ್ತಿಗಿ ಎಲ್ಲಿಟ್ಟೀ?"

ಫೋನು ಕಟ್ಟಾಯಿತು.

ಕೇಂದ್ರದ ಹಿರಿಯ ಎಂಜಿನಿಯರು ಜಯತೀರ್ಥ ದೇಸಾಯರು ತಮ್ಮ ಪರದೆಯ ಮುಂದೆ ಎದ್ದು ನಿಂತಿದ್ದರು. ಪರದೆಯ ಮೇಲೆ ಎರಡು ಅಲೆ. ಓಣಿಯಿಂದ ಬರುವುದು ಒಂದು, ಓಣಿಗೆ ಹೋಗುವುದು ಇನ್ನೊಂದು. ಒಂದು ಏರಿದಾಗ ಇನ್ನೊಂದು ಇಳಿಯಬೇಕು. ಈಗ ಎರಡೂ ಕೂಡಿಯೇ ಏರುತ್ತಿದ್ದವು.

"ತಣಿ ಹೋಗವಲ್ತು ಅಂತ ತಿಳದಿದ್ವಿ ಶಿವಲೀಲಾ, ಹೋಗ್ಲಿಕ್ಕೇ ಹತ್ತದ," ಎಂದರು. "ಉಲ್ಟಾ ಹೋಗ್ಲಿಕ್ಕೆ ಹತ್ತದ. ಎಲ್ಲೋ ಒಂದು ಮನೀ ತಂತಿ ತುದಿ ಬಾಯಿ ತಕ್ಕೊಂಡು ನಿಂತದ. ಗಾಳ್ಯಾಗಿನ ಗದ್ದಲೆಲ್ಲಾ ಅದರೊಳಗ ಸುರೀತದ, ಕಲ್ಲು ಉಜ್ಜೋ ಮೋಟಾರಿನ ಕಿಡಿ, ರೇಡಿಯೊ, ಎಲ್ಲಾ. ನೆಟ್ ಹೋದದ್ದೂ ಅದಕ್ಕ. ಆ ಗದ್ದಲದಾಗ ಓಣಿ ನಾಡಿ ಹುಡುಕಿ ಹಿಡಿಯೋದ್ರಾಗ ಯಂತ್ರಕ್ಕ ತಡ ಆಗ್ತದ. ತೊಟ್ಟಿಲಾ ನಿಲ್ಲಸೋ ಕೈ ತಡಾ ಮಾಡಿದ್ರ ಏನಾಗ್ತದ? ಅದೇ ಕೈ ನೂಕ್ತದ."

ಶಿವಲೀಲಾ ತನ್ನ ದೂರಿನ ಪಟ್ಟಿ ನೋಡಿದಳು. "ನಾ ಎಲ್ಲಾರಿಗೂ ತಿರುಪು ಬಿಗಿ ಮಾಡ್ರಿ ಅಂದೀನ್ರೀ ಸರ. ತಟ್ಟಿ ಕೆಳಗ ಕೂಡ್ರಿ ಅಂದೀನಿ."

 ಆಕೆ ಗಂಡನಿಗೆ ಫೋನು ಹಚ್ಚಿದಳು. ರಿಂಗಾಗುತ್ತಲೇ ಹೋಯಿತು.

ಆರಿಸಲು ಗುಂಡಿ ಇರಲಿಲ್ಲ. ಯಾರೂ ಎಂದೂ ಆರಿಸಬಾರದೆಂದೇ ಹಾಗೆ ಕಟ್ಟಿದ್ದರು. ದೊಡ್ಡ ತಂತಿ ನೆಲದೊಳಗಿನ ಉಕ್ಕಿನ ಕೊಳವೆಯಲ್ಲಿ, ಕಂಬದ ಪೆಟ್ಟಿಗೆಗಳು ಬೀಗದೊಳಗೆ, ಬೀಗದ ಕೈ ಜಿಲ್ಲೆಯಲ್ಲಿ.

"ಪೊಲೀಸರು?"

"ಓಣಿ ಬಾಯಾಗ ನಿಂತಾರ. ಜಗಳಾ ಬಿಡಸ್ಲಿಕ್ಕೆ ಇಬ್ಬರು ಒಂದು ಮನೀ ಒಳಗ ಹೋದ್ರಂತ. ಹೋದವರು ಒಬ್ಬರನ್ನೊಬ್ಬರು ಲಾಠೀಲೆ ಬಡದು ಕೆಡವ್ಯಾರ."

ಆಕೆ ಚೀಲಕ್ಕೆ ತಿರುಪು ಬಿಚ್ಚುವ ಪಾನಾ, ಗದ್ದಲದ ದಿಕ್ಕು ತೋರಿಸುವ ಮೀಟರು, ತೆರೆದ ತಂತಿಯ ಬಾಯಿ ಮುಚ್ಚುವ ಹಿತ್ತಾಳೆ ಮುಚ್ಚಳಗಳನ್ನು ತುಂಬಿಕೊಂಡಳು. ದೇಸಾಯರು ಚಪ್ಪಲಿ ಮೆಟ್ಟಲು ಹೋದರು.

"ನೀವು ಬ್ಯಾಡ್ರಿ ಸರ. ಪರದೆ ನೋಡ್ರಿ, ಫೋನ್ಯಾಗ ನನ್ನ ಕಿವಿಯೊಳಗಿರ್ರಿ. ನನ್ನ ಗಂಡನ ಕೈಯಾಗ ಸುತ್ತಿಗಿ ಐತಿ. ಅವ ಯಾರನ್ನರ ಕೊಲ್ಲೂಕಿಂತ ಮೊದಲ ಆ ತುದಿ ಮುಚ್ಚಬೇಕು."

ಓಣಿಯ ಬಾಯಿಯಲ್ಲೇ ಒಬ್ಬ ಪೊಲೀಸನು ಗೋಡೆಗೆ ಒರಗಿ ಕುಳಿತು ಬಾಯೊಳಗಿನ ಹಲ್ಲುಗಳನ್ನು ಒಂದೊಂದಾಗಿ ಅಂಗೈಗೆ ಉಗುಳುತ್ತಿದ್ದ. ಒಳಗೆ, ಆಕೆ ದಿನವೂ ಕಂಡ ಮುಖಗಳೇ. ತಟ್ಟೆಯ ಕೆಳಗೆ ಹೊತ್ತುಗಟ್ಟಲೆ ಕೂತವರ ಕಾವು ಬೀದಿಗೆ ಬಂದರೂ ಇಳಿದಿರಲಿಲ್ಲ, ಈಗಷ್ಟೇ ಬಂದ ಆಕೆಗೆ ಬೀದಿಯಲ್ಲಿ ಅದು ತಾಗಿರಲಿಲ್ಲ. ಹಾಲು ಹಾಕುವವನು ಕ್ಯಾನಿನಿಂದ ಯಾರದೋ ಬೆನ್ನು ಚಚ್ಚುತ್ತಿದ್ದ. ಇಬ್ಬರು ಅಕ್ಕತಂಗಿಯರು ಒಬ್ಬರ ಕೂದಲನ್ನೊಬ್ಬರು ಮುಷ್ಟಿಯಲ್ಲಿ ಹಿಡಿದು ಗಟಾರದಲ್ಲಿ ಹೊರಳುತ್ತಿದ್ದರು. ಬೈಗುಳ ಗೊತ್ತಿಲ್ಲದ ಓಣಿ ಅದು. ಆದ್ದರಿಂದ ಯಾರೂ ಬೈಯುತ್ತಿರಲಿಲ್ಲ, ಕೂಗುತ್ತಲೂ ಇರಲಿಲ್ಲ. ಪೆಟ್ಟಿನ ಸದ್ದು, ಉಬ್ಬಸ, ಮೂಳೆ ಮುರಿದ ಸದ್ದು ಅಷ್ಟೇ. ಬೈಯಲು ಬಂದಿದ್ದರೆ ಅರ್ಧ ಸಿಟ್ಟು ಬಾಯಲ್ಲೇ ಹೋಗುತ್ತಿತ್ತೇನೋ.

ಎಲ್ಲಿಂದಲೋ ಬಂದ ಕಲ್ಲೊಂದು ಆಕೆಯ ಹಣೆ ಒಡೆಯಿತು. ರಕ್ತ ಒರೆಸಿಕೊಂಡು ಗೋಡೆಗುಂಟ ಇಳಿದ ತಂತಿಗಳಿಗೆ ಮೀಟರು ಮುಟ್ಟಿಸುತ್ತ ನಡೆದಳು. ಮುಳ್ಳು ಓಣಿಯ ಒಳತುದಿಗೇ ಬೆರಳು ಮಾಡುತ್ತಿತ್ತು. ಅತ್ತ ಹೋಗುವ ದಾರಿಯಲ್ಲೇ ಆಕೆಯ ಮನೆ. ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಸದ್ದು ಬರುತ್ತಿದ್ದದ್ದು ಪಕ್ಕದ ಫಕೀರಪ್ಪನ ಪಡಸಾಲೆಯಿಂದ.

ಆತ ನೆಲದ ಮೇಲಿದ್ದ. ಸಂಗಣ್ಣ ಅವನ ಎದೆಯ ಮೇಲೆ ಕುಳಿತಿದ್ದ. ಸುತ್ತಿಗೆಯ ಹಿಡಿಕೆಯನ್ನು ನಾಲ್ಕು ಕೈಗಳು ಹಿಡಿದು ಜಗ್ಗುತ್ತಿದ್ದವು, ಗರಗಸ ಜಗ್ಗಿದ ಹಾಗೆ. ಫಕೀರಪ್ಪನ ಹೆಂಡತಿ ಕಾಶವ್ವ ಸಂಗಣ್ಣನ ಹೆಗಲಿಗೆ ಹಲ್ಲು ಊರಿ ನೇತಾಡುತ್ತಿದ್ದಳು.

ಪೆಟ್ಟಿಗೆಯ ತಂತಿ ಕಿತ್ತುಹಾಕಬೇಕೆಂದು ಶಿವಲೀಲಾ ಒಳಗೆ ನುಗ್ಗಿದಳು. ನಾಲ್ಕು ಹೆಜ್ಜೆಯ ಕೆಲಸ. ಆದರೆ ತಟ್ಟೆಯ ಕೆಳಗೆ ಬಂದದ್ದೇ ತಡ, ಎದೆಯಲ್ಲಿ ಏನೋ ಕುದಿದು ಮೇಲೆದ್ದಿತು. ಎಷ್ಟು ಚಂದದ ಕಾವು ಅದು! ಛಳಿಯಲ್ಲಿ ನಡುಗಿದವಳಿಗೆ ಒಲೆ ಸಿಕ್ಕ ಹಾಗೆ. ತಂತಿ ಮರೆತಳು. ಕೆಳಗೆ ಬಿದ್ದ ಫಕೀರಪ್ಪನ ಮುಖ ಮಾತ್ರ ಕಂಡಿತು, ಆ ಮುಖ ಇರಲೇಬಾರದು ಅನ್ನಿಸಿತು. ಪಾನಾ ಎತ್ತಿ ಅವನ ಭುಜಕ್ಕೆ ಬಿಟ್ಟಳು. ಎಲುಬು ಲಟಕ್ಕೆಂದಿತು. ಸುತ್ತಿಗೆ ಹಿಡಿದಿದ್ದ ಅವನ ಒಂದು ಕೈ ಸಡಿಲಾಯಿತು.

"ಶಿವಲೀಲಾ!" ಕಿವಿಯಲ್ಲಿ ದೇಸಾಯರ ಕೂಗು. "ಏನ್ ಮಾಡ್ಲಿಕ್ಕೆ ಹತ್ತೀ? ಹೊರಗ ಬಾ! ಹೊರಗ ಬಾರವ್ವಾ!"

ಆ ಕೂಗಿಗೆ ಬೆಚ್ಚಿ ಹಿಂದೆ ಸರಿದು ಹೊಸ್ತಿಲಿನಿಂದಾಚೆ ಅಂಗಾತ ಬಿದ್ದಾಗ ಆಕೆಗೆ ತನ್ನ ಕೈ ಮಾಡಿದ್ದು ಗೊತ್ತಾಯಿತು. ಮತ್ತೆ ಒಳಗೆ ಹೋದರೆ ಮತ್ತೆ ಅದನ್ನೇ ಮಾಡುತ್ತೇನೆಂಬುದೂ ಗೊತ್ತಾಯಿತು. ಒಳಗಿನವರನ್ನು ಉಳಿಸುವ ದಾರಿ ಆ ಮನೆಯಲ್ಲಿಲ್ಲ, ಓಣಿಯ ತುದಿಯಲ್ಲಿದೆ.

"ಯಾವ ಮನೀರಿ ಸರ? ಲಗೂ ಹೇಳ್ರಿ!"

"ಓಣಿಯ ಎಲ್ಲಾ ಮನೀಯಿಂದ ದೂರು ಬಂದಾವ. ಒಂದೇ ಮನಿಯಿಂದ ಬಂದಿಲ್ಲ. ರತ್ನವ್ವನ ಮನಿ. ಆಕೀ ಗಂಡ ನಿನ್ನೆ ಚಪ್ಪಡಿ ಕೆಳಗ ಸಿಕ್ಕು ತೀರಿಕೊಂಡನಲ್ಲ, ಸೂತಕದ ಮನಿ ಅಂತ ಇಲ್ಲೆ ಪಟ್ಟಿಯೊಳಗ ಬಿಟ್ಟಾರ."

ಆಕೆ ಓಡಿದಳು. ಸತ್ತ ಮನೆಯಲ್ಲಿ ಒಲೆ ಹೊತ್ತಬಾರದು, ಟಿವಿ ಹಾಡಬಾರದು ಎಂಬ ಹಳೆಯ ರೂಢಿಗೆ ಓಣಿಯ ಹಿರಿಯರು ತಣಿಪೆಟ್ಟಿಗೆಯನ್ನೂ ಸೇರಿಸಿದ್ದರು. ಅತ್ತು ಕಳಿಸದ ಹೆಣಕ್ಕೆ ದಾರಿ ಸಿಗುವುದಿಲ್ಲ ಎಂದು ಹಟ ಹಿಡಿದಿದ್ದರು. ಸರ್ಕಾರವೂ ಅದೊಂದಕ್ಕೆ ಒಪ್ಪಿತ್ತು. ಸೂತಕ ಕಳೆಯುವವರೆಗೆ ಅಂಥ ಮನೆಗೆ ಓಣಿಯವರು ಕಾಲಿಡುತ್ತಿರಲಿಲ್ಲ, ತಂತಿ ನೋಡುವವರೂ ಅಷ್ಟೇ.

ರತ್ನವ್ವನ ಮನೆಯ ಮುಂದೆ ಹಾರೆ ಹಿಡಿದ ಮೂವರು ಗಂಡಸರು ತೋಳಗಳಂತೆ ಅತ್ತಿಂದಿತ್ತ ಸುಳಿಯುತ್ತಿದ್ದರು. ಒಳಗೆ ಓಣಿಯ ಮಕ್ಕಳೆಲ್ಲ ಗೋಡೆಗಂಟಿ ಕುಳಿತಿದ್ದವು. ತಮ್ಮ ಮಕ್ಕಳನ್ನೇ ಅಟ್ಟಿಸಿಕೊಂಡು ಬಂದ ಆ ಗಂಡಸರು ಸೂತಕದ ಹೊಸ್ತಿಲನ್ನು ಮಾತ್ರ ದಾಟಿರಲಿಲ್ಲ. ಕೊಲ್ಲುವ ಹುಚ್ಚು ಹತ್ತಿದರೂ ಮೈಲಿಗೆಯ ಅಂಜಿಕೆ ಬಿಟ್ಟಿರಲಿಲ್ಲ. ಒಬ್ಬನು ಶಿವಲೀಲಾಳತ್ತ ತಿರುಗಿ ಹಾರೆ ಬೀಸಿದ. ಬಗ್ಗಿದಳು. ಮೀಟರು ಚೂರುಚೂರಾಯಿತು. ಎರಡನೆಯ ಏಟು ಬೀಳುವ ಮೊದಲು ಹೊಸ್ತಿಲ ಒಳಗೆ ಬಿದ್ದಳು.

ಅತ್ತು ಅತ್ತು ಊದಿದ ಮುಖದ ರತ್ನವ್ವ ಬಾಗಿಲಿಗೆ ಅಡ್ಡ ನಿಂತಳು. "ಸೂತಕದ ಮನಿ ತಂಗಿ. ಒಳಗ ಬಂದಿಯಲ್ಲ?"

"ಬಂದೆ ಎಕ್ಕಾ. ನಿಮ್ಮ ತಂತಿ ಎಲ್ಲೈತಿ?"

"ತಂತಿ? ನಮ್ಮ ಮೈದುನ ಉಳೀಲೆ ಒಂದ ಏಟಿಗೆ ಕಡದ. ಹೆಣ ಅಂಗಳದಾಗಿತ್ತು, ತಿರುಪು ತಿರುವಾಕ ಯಾರಿಗಿತ್ತು ಪುರಸತ್ತು? ಅಗಾ ನೋಡ, ಕಿಟಿಕ್ಯಾಗ ಜೋತಾಡತೈತಿ."

ಕಲ್ಲು ಉಜ್ಜಿದ ಕೆಸರಿನ ಗುಡ್ಡೆಯ ಮೇಲೆ, ಕಿಟಕಿಯಿಂದಾಚೆ, ತಾಮ್ರದ ಬರಿ ತುದಿ ಗಾಳಿಗೆ ಹೊಯ್ದಾಡುತ್ತಿತ್ತು.

"ಅದಕ್ಕ ಮುಚ್ಚಳ ಬೇಕಿತ್ತೇನವ್ವ?" ರತ್ನವ್ವ ಕೇಳಿದಳು. "ಪೆಟಗಿ ಬಂದಾದ್ರ ಮುಗೀತು ಅಂದ್ಕೊಂಡ್ವಿ."

ಶಿವಲೀಲಾ ತಂತಿಯನ್ನು ಒಳಗೆಳೆದು ಹಲ್ಲಿನಿಂದಲೇ ಅದರ ಸಿಪ್ಪೆ ಕಿತ್ತಳು. ಹಣೆಯ ರಕ್ತ ಕಣ್ಣಿಗಿಳಿಯುತ್ತಿತ್ತು. ಮುಚ್ಚಳ ಒಮ್ಮೆ ಜಾರಿತು, ಮತ್ತೊಮ್ಮೆ ಜಾರಿತು. ರತ್ನವ್ವ ಬಂದು ತಂತಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು. ತಿರುಪು ಕೂತಿತು.

"ಹರಿ ಹರಿ," ಎಂದರು ದೇಸಾಯರು ಕಿವಿಯಲ್ಲಿ. "ಗದ್ದಲ ನಿಂತದ. ಎರಡೂ ಅಲೆ ಎದುರಾ ಬದರಾ ಬಂದಾವ. ಇಳೀಲಿಕ್ಕೆ ಹತ್ತದ ಶಿವಲೀಲಾ, ಎಲ್ಲಾ ಇಳೀಲಿಕ್ಕೆ ಹತ್ತದ!"

ಹೊರಗೆ ಹಾರೆಗಳು ಒಂದೊಂದಾಗಿ ನೆಲಕ್ಕೆ ಬಿದ್ದವು.

ತಣಿ ಬಂದಿತ್ತು. ಓಣಿಯಗುಂಟ ಮರಳಿ ಬರುವಾಗ ಆಕೆ ಕಂಡದ್ದು ಯುದ್ಧಕ್ಕಿಂತ ಘೋರವಾಗಿತ್ತು. ಅಕ್ಕತಂಗಿಯರು ಗಟಾರದ ದಂಡೆಯ ಮೇಲೆ ಕುಳಿತು ಒಬ್ಬರ ತಲೆಯನ್ನೊಬ್ಬರು ಬಾಚುತ್ತಿದ್ದರು. ಬಾಚಣಿಗೆಗೆ ಕೂದಲ ಜೊತೆ ಚರ್ಮವೂ ಬರುತ್ತಿತ್ತು. ಹಾಲಿನವನು ಸೊಟ್ಟಾದ ಕ್ಯಾನನ್ನು ನೆಟ್ಟಗೆ ಮಾಡುತ್ತಿದ್ದ. ಅವನ ಕಾಲ ಬಳಿ ಒಬ್ಬ ಮುದುಕ ಕಣ್ಣು ತೆರೆದುಕೊಂಡೇ ಸತ್ತಿದ್ದ. "ನೆಟ್ ಬಂತು," ಎಂದು ಯಾರೋ ಯಾರಿಗೋ ಸಮಾಧಾನದಿಂದ ಹೇಳಿದರು.

ಫಕೀರಪ್ಪ ತನ್ನ ಪಡಸಾಲೆಯಲ್ಲಿ ಸತ್ತು ಬಿದ್ದಿದ್ದ. ಮುಖವಿದ್ದ ಜಾಗದಲ್ಲಿ ಮುಖವಿರಲಿಲ್ಲ. ಕಾಶವ್ವ ಕೊಡದಿಂದ ನೀರು ಸುರಿದು ಕಸಬರಿಗೆಯಿಂದ ನೆಲ ಬಳಿಯುತ್ತಿದ್ದಳು. ಗಂಡನ ಕೈ ಅಡ್ಡ ಬಂದಾಗ ಅದನ್ನು ಮೆಲ್ಲಗೆ ಎತ್ತಿ ಅವನ ಎದೆಯ ಮೇಲಿಟ್ಟಳು.

"ಲಗೂನ ತೊಳೀಬೇಕ ಶಿವಲೀಲಾ," ಎಂದಳು. "ಪರಸಿ ಕಲ್ಲು, ರಕ್ತ ಕುಡೀತೈತಿ. ಆಮ್ಯಾಲೆ ಹೋಗೂದಿಲ್ಲ."

ಸಂಗಣ್ಣ ತನ್ನ ಮನೆಯ ಕಟ್ಟೆಯ ಮೇಲೆ ಕುಳಿತು ಸುತ್ತಿಗೆ ತೊಳೆಯುತ್ತಿದ್ದ. ಹೆಂಡತಿಯನ್ನು ಕಂಡು ಮುಗುಳ್ನಕ್ಕ.

"ಬಂದೀ? ಹಣಿಗೆ ಏನಾತು? ಅರಿಷಿಣ ಹಚ್ಚಲೇನು?"

 ಅವನು ಪಕ್ಕದ ಬಾಗಿಲಿನತ್ತ ನೋಡಿದ. ಆಮೇಲೆ ತನ್ನ ಅಂಗೈಗಳನ್ನು ನೋಡಿಕೊಂಡ.

"ಫಕೀರ ಸತ್ತ ಲೀಲಾ. ನಾನ ಹೊಡದೆ, ಎಲ್ಲಾ ನೆನಪೈತಿ. 'ಸಂಗ್ಯಾ, ಸಾಕೋ' ಅಂದ. ಅಂದಮ್ಯಾಲೂ ಹೊಡದೆ." ಸುತ್ತಿಗೆ ತಿರುವಿ ನೋಡಿದ. "ಆದ್ರ ಏನೂ ಅನಸವಲ್ದು. ಅನಸಬೇಕಲ್ಲ?"

"ಅನಸಬೇಕು."

"ಮತ್ತ ಯಾಕ ಅನಸವಲ್ದು?"

ಶಿವಲೀಲಾ ಗಂಡನ ಮುಖ ನೋಡಿದಳು. ತೊಳೆದ ತಟ್ಟೆಯ ಹಾಗಿತ್ತು. ಹಾಗೇ ಬಿಟ್ಟರೆ ಅವನು ಸುಖವಾಗಿ ಉಣ್ಣುತ್ತಾನೆ, ಮಲಗುತ್ತಾನೆ, ನಾಳೆ ಗರಗಸದ ಒಂದು ತುದಿ ಹಿಡಿದು ಇನ್ನೊಂದು ತುದಿಗೆ ಯಾರನ್ನಾದರೂ ಕರೆಯುತ್ತಾನೆ. ಅವನ ಮೇಲಿನ ಪ್ರೀತಿ ಹಾಗೇ ಬಿಡು ಎಂದಿತು. ಅದಕ್ಕಿಂತ ಆಳದಲ್ಲಿದ್ದ ಇನ್ನೊಂದು, ಮುಂಜಾನೆ ಪೂಜೆಗೆ ಕೂತಾಗ ಮಾತ್ರ ಆಕೆ ಮುಟ್ಟುತ್ತಿದ್ದದ್ದು, ಒಪ್ಪಲಿಲ್ಲ. ಒಳಗೆ ಹೋಗಿ ಪಾನಾದಿಂದ ತಿರುಪು ಬಿಚ್ಚಿದಳು, ತಂತಿ ಕಿತ್ತಳು, ಅದರ ಬಾಯಿಗೆ ಮುಚ್ಚಳ ಹಾಕಿ ಬಿಗಿ ಮಾಡಿದಳು. ಹೊರಗೆ ಬಂದು ಅವನ ಪಕ್ಕದಲ್ಲಿ ಕುಳಿತಳು.

"ಅವನ ಎಲುಬು ಮೊದಲ ಮುರದಾಕಿ ನಾನ," ಎಂದಳು. "ಒಬ್ಬನ ಹೊರಬ್ಯಾಡ."

ಸಂಗಣ್ಣ ಸುತ್ತಿಗೆಗೆ ಇನ್ನೊಂದು ಸಲ ನೀರು ಹಾಕಿದ. ಆಮೇಲೆ ಅದು ಅವನ ಕೈಯಿಂದ ಜಾರಿತು. ಅವನ ಗಂಟಲಿನಿಂದ ಹೊರಟ ಸದ್ದನ್ನು ಅಳು ಅನ್ನಲು ಬರುವಂತಿರಲಿಲ್ಲ, ಕ್ವಾರಿಯಲ್ಲಿ ಬಂಡೆ ಸೀಳುವಾಗ ಬರುವಂಥದ್ದು ಅದು. ಹಣೆಯನ್ನು ಕಟ್ಟೆಗೆ ಬಡಿದುಕೊಂಡ. ಮತ್ತೆ ಬಡಿದುಕೊಂಡ. ಆಕೆ ಅವನ ಹಣೆಗೂ ಕಲ್ಲಿಗೂ ನಡುವೆ ತನ್ನ ಅಂಗೈ ಇಟ್ಟಳು. ಬೆರಳು ಜಜ್ಜಿದರೂ ತೆಗೆಯಲಿಲ್ಲ. ಓಣಿಯ ಜನ ತಂತಮ್ಮ ಬಾಗಿಲಲ್ಲಿ ನಿಂತು, ಯಾವುದೋ ಬೇರೆ ದೇಶದ ಪ್ರಾಣಿಯನ್ನು ನೋಡುವಂತೆ ನೋಡಿದರು.

"ಶಿವಲೀಲಾ," ದೇಸಾಯರ ದನಿ ಅಂಜಿತ್ತು, "ನಿಮ್ಮ ಮನಿ ಪರದೆ ಮ್ಯಾಲೆ ಕಾಣವಲ್ತು. ತಂತಿ ಕಿತ್ತರ ಜೈಲವ್ವಾ."

"ಸತ್ತ ಮನಿ ಅಂತ ಬರಕೋರಿ ಸರ."

"ಸತ್ತದ್ದು ಬಾಜೂ ಮನ್ಯಾಗಂತಲ್ಲ?"

"ಎರಡೂ ಬರಕೋರಿ."

ಸಂಗಣ್ಣ ತಲೆ ಎತ್ತಿದ. ಉಸಿರು ಹಿಡಿದು, ಬಿಟ್ಟು, ಕೈ ಚಾಚಿದ. "ಪಾನಾ ಕೊಡು. ಒಂದು ಮುಚ್ಚಳಾನೂ ಕೊಡು."

ಆಕೆಗೆ ತಿಳಿಯಿತು. ಕೊಡಬಾರದೆಂದು ಕೈ ಹಿಂದೆಗೆಯಿತು. "ಕಾಶವ್ವ ನಿನ್ನ ಬಿಡೂದಿಲ್ಲ."

"ಬಿಡಬಾರ್ದು," ಎಂದ ಸಂಗಣ್ಣ. "ಗಂಡನ ರಕ್ತಾ ನೀರಿನಂಗ ಬಳಿಯಾಕತ್ತಾಳ. ಅದೂ ನಾ ಮಾಡಿದ್ದ ಅಲ್ಲೇನ?"

ಆಕೆ ಎರಡನ್ನೂ ಕೊಟ್ಟಳು. ಅವನು ಪಕ್ಕದ ಮನೆಯ ಹೊಸ್ತಿಲಿಗೆ ಹಣೆ ಮುಟ್ಟಿಸಿ ಒಳಗೆ ಹೋದ. "ನೆಲ ಹಸೀ ಐತಿ, ಜಾರ್ತೀ ಸಂಗಣ್ಣ," ಎಂದಳು ಕಾಶವ್ವ. ಅವನು ಹೆಣವನ್ನು ಬಳಸಿ ಪೆಟ್ಟಿಗೆಯ ಬಳಿ ಹೋಗಿ ತಿರುಪು ಬಿಚ್ಚಿದ, ತಂತಿಯ ಬಾಯಿ ಮುಚ್ಚಿದ. ಹೊರಗೆ ಹೋಗಲಿಲ್ಲ. ಫಕೀರಪ್ಪನ ಕಾಲ ಬಳಿ, ಕಾಶವ್ವನ ಎದುರಿಗೆ, ಮಂಡಿಯೂರಿ ತಲೆ ಬಗ್ಗಿಸಿ ಕುಳಿತ. ಪಾನಾವನ್ನು ಆಕೆಯ ಕೈಗೆ ಸಿಗುವಷ್ಟು ಹತ್ತಿರ ಇಟ್ಟ.

ಶಿವಲೀಲಾ ಬಾಗಿಲಲ್ಲಿ ನಿಂತಳು. ಒಳಗೆ ಹೋಗಲಿಲ್ಲ, ಗಂಡನನ್ನು ಕರೆಯಲೂ ಇಲ್ಲ.

ಕಸಬರಿಗೆ ಅತ್ತಿಂದಿತ್ತ ಆಡುತ್ತಿತ್ತು. ನಿಧಾನವಾಯಿತು. ನಿಂತಿತು. ಕಾಶವ್ವ ತನ್ನ ಕೈಯೊಳಗಿನ ಕೆಂಪು ಕಸಬರಿಗೆಯನ್ನು ನೋಡಿದಳು, ನೆಲ ನೋಡಿದಳು, ನೆಲದ ಮೇಲಿದ್ದವನನ್ನು ನೋಡಿದಳು. ಆಮೇಲೆ ಎದುರಿಗೆ ಬಗ್ಗಿದ್ದ ಸಂಗಣ್ಣನ ಕತ್ತನ್ನು ನೋಡಿದಳು, ಬಹಳ ಹೊತ್ತು. ಆಕೆಯ ತುಟಿ ನಡುಗತೊಡಗಿತು.